ಡಿಕ್ಕಿಯ ಮೇಲೆ ಕಟ್ಟಿದ ಸೈಕಲ್ಲು

ಚನ್ನಪಟ್ಟಣದ ಗೊಂಬೆ ಕೆಲಸದ ಮತೀನನನ್ನು ಅರಿಯದವರು ಅವನ ಕೇರಿಯಲ್ಲಿ ಇಲ್ಲ. ಒಮ್ಮೆಯಾದರೂ ಅವನ ಅನುಮಾನಕ್ಕೆ ಸಿಕ್ಕದವರೂ ಇಲ್ಲ. ಹಾಲಿನವಳು ಬಂದರೆ ಪಾತ್ರೆಗೆ ಬೆರಳದ್ದಿ, ಉಗುರಿನ ಮೇಲೆ ಹನಿ ನಿಲ್ಲುತ್ತದೋ ಹರಿಯುತ್ತದೋ ನೋಡುವವನು. ಇಪ್ಪತ್ತರ ನೋಟು ಕೊಟ್ಟರೂ ಬಿಸಿಲಿಗೆ ಹಿಡಿಯುವವನು. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಬೀದಿಯ ತಿರುವಿನವರೆಗೂ ಹೋಗಿ, ವಾಪಸು ಬಂದು ನಾಲ್ಕನೇ ಸಲ ಜಗ್ಗುವವನು. ಅಂಗಡಿಯವರು ಫೋನ್ ನಂಬರ್ ಕೇಳಿದರೆ ಕೊನೆಯ ಅಂಕಿ ಬದಲಾಯಿಸಿ ಹೇಳುವವನು. ತನ್ನ ನಿಕಾಹ್ ದಿನ, ಪರದೆಯ ಆಚೆ ಕೂತಿರುವವಳು ತಾನು ಒಪ್ಪಿದ ಹಾಜಿರಾನೇ ಹೌದೋ ಅಲ್ಲವೋ ಎಂದು ಅಕ್ಕನನ್ನು ಎರಡು ಸಲ ಒಳಗೆ ಅಟ್ಟಿದ್ದನಂತೆ. ಆ ಸಿಟ್ಟನ್ನು ಹಾಜಿರಾ ಇಪ್ಪತ್ತೆರಡು ವರ್ಷದಿಂದ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

"ಈ ಚಾಯ್ ಯಾಕೋ ಒಂಥರಾ ಐತಲ್ಲ. ಏನ್ ಹಾಕ್ದೆ?"

"ಇಲಿ ಪಾಷಾಣ. ಕುಡೀರಿ, ಎಲ್ಲಾರಿಗೂ ಒಂದೇ ಸಲಕ್ಕೆ ನೆಮ್ಮದಿ."

ಮನೆಯೊಳಗೆ ಅವರಾಡುವುದು ಉರ್ದು. ಇಲ್ಲಿ ಅದನ್ನು ಬೀದಿಯ ಕನ್ನಡದಲ್ಲೇ ಹೇಳಿದರೆ ತಪ್ಪಿಲ್ಲ. ಜಗಳದ ಧಾಟಿ ಎರಡರಲ್ಲೂ ಒಂದೇ.

ಕಸುಬು ಅವನಿಗೆ ಈ ಗುಣ ಕೊಟ್ಟಿತೋ, ಗುಣಕ್ಕೆ ತಕ್ಕ ಕಸುಬು ಸಿಕ್ಕಿತೋ, ಯಾರಿಗೆ ಗೊತ್ತು. ಮೂವತ್ತು ವರ್ಷದಿಂದ ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ, ಆಮೇಲೆ ತಾಳೆಗರಿಯಿಂದ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ಹೊಳಪು ಬರಿಸುತ್ತಾನೆ. ಅರಗಿಗೆ ರಾಳ ಬೆರೆಸಿ ಮಾರುವವರಿದ್ದಾರೆ, ಅದಕ್ಕೆ ಕಡ್ಡಿ ಮುರಿದು ಮೂಸಿ ನೋಡುತ್ತಾನೆ. ಹಸಿ ಮರವನ್ನು ಒಣಗಿದ್ದು ಅಂತ ಕೊಡುವವರಿದ್ದಾರೆ, ಅದಕ್ಕೆ ಕೆನ್ನೆಗೊತ್ತಿ ತಂಪು ನೋಡುತ್ತಾನೆ. ಇಷ್ಟೆಲ್ಲ ಅನುಮಾನದ ನಡುವೆ ಅವನು ಒಂದನ್ನು ಮಾತ್ರ ಯಾವತ್ತೂ ಅನುಮಾನಿಸಿರಲಿಲ್ಲ. ಅದು ಅವನದೇ ಕೈ.

ಇಂಥವನಿಗೆ ಹುಟ್ಟಿದ ಮಗಳು ಮಿಸ್ಬಾ. ಹದಿನೇಳು ವರ್ಷ. ತೆಳು ಟೈರಿನ ಸೈಕಲ್ ಹತ್ತಿದಳೆಂದರೆ ಮೈಸೂರು ರಸ್ತೆಯ ಬಸ್ಸುಗಳ ಕಿಟಕಿಯಿಂದ ಜನ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ಆ ಸೈಕಲ್ಲು ಬೆಂಗಳೂರಿನವರೊಬ್ಬರು ಓಡಿಸಿ ಬಿಟ್ಟದ್ದು. ಕೊಳ್ಳುವ ಮುಂಚೆ ಮತೀನ್ ಅದರ ನಂಬರ್ ಬರೆದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಿ ಇದು ಕದ್ದ ಮಾಲೇ ಎಂದು ಕೇಳಿ ಬಂದಿದ್ದ. ಮಗಳು ಓಡಿಸುವಾಗ ಹಿಂದಿನಿಂದ ಕಾರಿನಲ್ಲಿ ಹೋಗುತ್ತಿದ್ದ. ಲಾರಿಯ ಭಯ ಅಂತ ಹೇಳುತ್ತಿದ್ದ. ಲಾರಿಯ ಭಯ ಎಷ್ಟಿತ್ತೋ, ಅವಳು ಎಲ್ಲಿ ನಿಲ್ಲುತ್ತಾಳೆ, ಯಾರ ಜೊತೆ ಮಾತಾಡುತ್ತಾಳೆ ಎಂಬ ಚಿಂತೆಯೂ ಅಷ್ಟೇ ಇತ್ತು. ಅದು ಮಿಸ್ಬಾಗೂ ಗೊತ್ತಿತ್ತು.

ಈ ಮೇ ತಿಂಗಳಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆ ಅಂತ ಸುದ್ದಿ ಬಂತು. ಮಾಗಡಿಯಿಂದ ತಿಪ್ಪಸಂದ್ರದ ಕಡೆ ಹೋಗುವ ರಸ್ತೆಯಲ್ಲಿ ಹದಿನೈದು ಕಿಲೋಮೀಟರ್. ಭಾನುವಾರ ಬೆಳಗ್ಗೆ ಏಳು ಗಂಟೆ ಒಂದು ನಿಮಿಷದಿಂದ ನಿಮಿಷಕ್ಕೊಬ್ಬಳಂತೆ ಬಿಡುತ್ತಾರೆ. ಕಡಿಮೆ ಹೊತ್ತಿನಲ್ಲಿ ಮುಟ್ಟಿದ ಇಬ್ಬರು ಹುಡುಗಿಯರು ತಂಡಕ್ಕೆ. ಮಿಸ್ಬಾಗೆ ಸಿಕ್ಕ ಹೊತ್ತು ಏಳು ಗಂಟೆ ಹನ್ನೆರಡು ನಿಮಿಷ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಇದೇ ಮೊದಲು, ಇದೇ ಕೊನೆ. ಆಯ್ಕೆ ನಡೆಸುವ ಪಿ.ಟಿ. ಮೇಡಂ ಅಂಬುಜಮ್ಮ ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು: "ನಿಮಿಷ ತಪ್ಪಿದ್ರೆ ತಪ್ತು. ಆಮೇಲೆ ನನ್ನ ಹತ್ರ ಅಳ್ಬಾರ್ದು."

ಚನ್ನಪಟ್ಟಣದಿಂದ ಮಾಗಡಿಗೆ ಹತ್ತಿರ ಹತ್ತಿರ ಐವತ್ತು ಕಿಲೋಮೀಟರ್. ಅಷ್ಟು ತುಳಿದುಕೊಂಡು ಹೋದರೆ ಅಲ್ಲಿ ತುಳಿಯಲು ಕಾಲೇ ಇರುವುದಿಲ್ಲ. ಬಸ್ಸಿಗೆ ಹಾಕೋಣವೆಂದರೆ ಕಂಡಕ್ಟರ್ ಮೇಲೆ ಮತೀನನಿಗೆ ಅನುಮಾನ.

"ಚಕ್ರ ಬಿಚ್ಚಿ ಕಾರಿನ ಹಿಂದಿನ ಸೀಟಿಗೆ ಹಾಕೋಣ ಅಬ್ಬಾ. ಎಲ್ಲಾರೂ ಹಂಗೇ ತಗೊಂಡೋಗೋದು. ಎರಡು ನಿಮಿಷದ ಕೆಲ್ಸ," ಎಂದಳು ಮಿಸ್ಬಾ.

"ಹುಚ್ಚು ಹುಡುಗಿ! ಬಿಚ್ಚಿದ್ದು ಮೊದಲಿನಂಗೆ ಕೂರತ್ತಾ?"

ಇದು ಲೇತಿನವನ ಮಾತು. ಲೇತಿನಿಂದ ಒಮ್ಮೆ ಬಿಚ್ಚಿದ ತುಂಡನ್ನು ಮತ್ತೆ ಸಿಕ್ಕಿಸಿದರೆ ಅದು ಹಳೆಯ ನೇರಕ್ಕೆ ಕೂರುವುದಿಲ್ಲ, ಓಲಾಡುತ್ತದೆ. ಮರಕ್ಕೆ ಆ ಮಾತು ನಿಜ. ಸೈಕಲ್ ಚಕ್ರಕ್ಕೆ ಅಲ್ಲ ಎಂದು ಮಗಳು ಎಷ್ಟು ಬಡಕೊಂಡರೂ ಅವನು ಕೇಳಲಿಲ್ಲ. ಹಾಗಾಗಿ ಕಾರಿನ ಹೊರಗೆ ಸೈಕಲ್ಲನ್ನು ಇಡಿಯಾಗಿ ಹೊರುವ ರ‍್ಯಾಕೇ ಬೇಕಾಯಿತು.

ರಾಮನಗರದಲ್ಲಿ ಮಾಗಡಿ ರಸ್ತೆಯ ಮೇಲೆ ಕಾರಿನ ಸೀಟ್ ಕವರ್, ಹಾರನ್ನು, ಮ್ಯಾಟು ಮಾರುವ ಅಂಗಡಿಯೊಂದಿದೆ. ನಡೆಸುವವನು ಶಾರುಖ್ ಎಂಬ ಮೂವತ್ತು ವರ್ಷದ ಆಸಾಮಿ. ಗುರುವಾರ ಮಧ್ಯಾಹ್ನ ಅಪ್ಪ ಮಗಳು ಅಲ್ಲಿಗೆ ಹೋದರು. ಶಾರುಖ್ ಮೊದಲು ಹೊರಗೆ ಬಂದು ಕಾರನ್ನು ಸುತ್ತಿ ನೋಡಿದ. ಡಿಕ್ಕಿಯ ಅಂಚಿಗೆ ಬೆರಳು ಹಾಕಿ ತಡವಿದ. ಇವನ್ಯಾಕೆ ನನ್ನ ಗಾಡಿಯನ್ನು ಹೀಗೆ ತಡವುತ್ತಾನೆ ಎಂದು ಮತೀನ್ ಹಿಂದೆಯೇ ಹೋದ.

"ಅಂಚು ತಗಡಿಂದೇ ಐತೆ ಚಾಚಾ, ಪ್ಲಾಸ್ಟಿಕ್ ಅಲ್ಲ. ಕೊಕ್ಕೆ ಹಿಡೀತದೆ. ನೋಡಿ, ಮೇಲೆ ಛಾವಣಿ ಮೇಲೆ ಹಾಕೋದೂ ಬತ್ತದೆ, ಆದ್ರೆ ಅಷ್ಟೆತ್ತರ ಎತ್ತೋಕೆ ಇಬ್ರು ಬೇಕು. ಗಾಡಿ ತಳಕ್ಕೆ ಕಬ್ಬಿಣದ ಕೊಂಡಿ ಬೆಸುಗೆ ಹಾಕಿ ಸಿಕ್ಕಿಸೋದೂ ಐತೆ, ಅದು ನಿಮಗ್ಯಾಕೆ. ಒಂದು ಸೈಕಲ್‌ಗೆ ಡಿಕ್ಕಿ ಮೇಲಿಂದೇ ಸಾಕು."

ಒಳಗಿನಿಂದ ಮಡಿಸಿದ ಕಬ್ಬಿಣದ ಚೌಕಟ್ಟೊಂದನ್ನು ತಂದು ಬಿಚ್ಚಿದ. ಸೈಕಲ್ ಕೂರಲು ಎರಡು ತೋಳು. ಡಿಕ್ಕಿಗೆ ಒತ್ತಿ ನಿಲ್ಲಲು ನಾಲ್ಕು ಪಾದ, ಪ್ರತಿ ಪಾದಕ್ಕೂ ದಪ್ಪ ಕಪ್ಪು ರಬ್ಬರು. ಮೇಲೆ, ಕೆಳಗೆ, ಪಕ್ಕಕ್ಕೆ ಎಳೆದು ಬಿಗಿಯುವ ಪಟ್ಟಿಗಳು, ಪಟ್ಟಿಯ ತುದಿಗೆ ಕೊಕ್ಕೆ.

"ಇಷ್ಟೇನಾ? ಬರೀ ಪಟ್ಟಿ ಮೇಲೆ ನಿಲ್ಲೋದಾ?"

"ಪಟ್ಟಿ ಎಳೀತದೆ, ರಬ್ಬರ್ ಹಿಡೀತದೆ. ಎರಡೂ ಸೇರಿ ನಿಲ್ಲೋದು. ಕಟ್ಟೋ ಮುಂಚೆ ಡಿಕ್ಕಿ ಒರೆಸ್ಕೊಳ್ಳಿ, ಧೂಳಿದ್ರೆ ಗೀರಾಗ್ತದೆ. ನಂಬರ್ ಪ್ಲೇಟು, ಲೈಟು ಮುಚ್ಚಬಾರ್ದು. ಚಕ್ರ ಗಾಳಿಗೆ ತಿರುಗ್ದಂಗೆ ಒಂದು ದಾರ ಬಿಗೀರಿ. ಮುಖ್ಯ ಏನಂದ್ರೆ, ಹತ್ತು ಕಿಲೋಮೀಟರ್ ಹೋದ್ಮೇಲೆ ನಿಲ್ಲಿಸಿ ಪಟ್ಟಿ ಒಂದ್ಸಲ ಎಳೀಬೇಕು. ಎಷ್ಟು ಬಿಗಿದ್ರೂ ಮೊದಲು ಒಸಿ ಸಡಿಲ ಆಗೇ ಆಗ್ತದೆ."

"ಸಡಿಲ ಆಗೋ ಮಾಲು ಯಾಕೆ ಮಾರ್ತೀಯಪ್ಪಾ?"

ಶಾರುಖ್ ನಕ್ಕುಬಿಟ್ಟ. ಮಿಸ್ಬಾಗೂ ನಗು ಬಂತು. ಇಬ್ಬರೂ ಒಂದೇ ಹೊತ್ತಿಗೆ ನಕ್ಕದ್ದನ್ನು ಮತೀನ್ ನೋಡಿದ.

ಅಲ್ಲಿಂದ ಮುಂದೆ ಅವನ ಕಿವಿಗೆ ಬಿದ್ದದ್ದೆಲ್ಲ ವಿಷವೇ. "ಯಾವಾಗ ಹೋಗೋದು?" ಎಂದು ಶಾರುಖ್ ಕೇಳಿದ್ದಕ್ಕೆ ಮಿಸ್ಬಾ "ಭಾನುವಾರ ಬೆಳಗ್ಗೆ, ಮಾಗಡೀಲಿ ಆಯ್ಕೆ ಐತೆ" ಎಂದುಬಿಟ್ಟಳು. "ಹಂಗಾದ್ರೆ ಇದೇ ದಾರೀಲೇ ಬತ್ತೀರಿ. ನಮಾಜ್ ಮುಗಿಸ್ಕೊಂಡು ನಾನು ಇಲ್ಲೇ ಇರ್ತೀನಿ. ಒಂದು ನಿಮಿಷ ನಿಲ್ಸಿ, ನಾನೇ ಪಟ್ಟಿ ಎಳೆದು ಕಳಿಸ್ತೀನಿ" ಎಂದ ಅವನು. ಮೇಲಿಂದ ಇನ್ನೂರು ರೂಪಾಯಿ ಕಡಿಮೆ ಬೇರೆ ಮಾಡಿದ. ಭಾನುವಾರ ಬೆಳಕು ಹರಿಯುವ ಮುಂಚೆ ಎದ್ದು ಬಂದು ಯಾರದೋ ಪಟ್ಟಿ ಎಳೆಯಲು ಇವನಿಗೇನು ತಲೆ ಕೆಟ್ಟಿದೆಯೇ? ಕೇಳದೆ ಬೆಲೆ ಇಳಿಸುವ ವ್ಯಾಪಾರಿಯನ್ನು ಮತೀನ್ ಈ ಜನ್ಮದಲ್ಲಿ ಕಂಡಿರಲಿಲ್ಲ. ಬಿಲ್ಲಿಗೆ ಫೋನ್ ನಂಬರ್ ಕೇಳಿದಾಗ ಕೊನೆಯ ಅಂಕಿ ಬದಲಾಯಿಸಿ ಹೇಳಿ, ಮಗಳ ಮುಖ ನೋಡಿದ. ಅವಳು ತುಟಿ ಕಚ್ಚಿಕೊಂಡು ಹೊರಗೆ ನೋಡುತ್ತಿದ್ದಳು.

ಶನಿವಾರ ಗೊಂಬೆ ಕಾರ್ಖಾನೆಯ ಮುಂದೆ ರ‍್ಯಾಕು ಕಟ್ಟುವ ಕಾರ್ಯಕ್ರಮ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಮನೆಯ ಮಗ್ಗುಲಿನ ತಗಡಿನ ಕೋಣೆ. ಮರ ತಂದು ಹಾಕುವ ಹಳೆಯ ಗೆಳೆಯ ಮುನಿಶಾಮಯ್ಯ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಮತೀನ್ ಮೊದಲು ಮಾಡಿದ ಕೆಲಸ, ನಾಲ್ಕು ಪಾದದ ರಬ್ಬರನ್ನೂ ಕಿತ್ತು ಮೂಸಿ ನೋಡಿದ್ದು.

"ಹಳೇ ಟೈರ್ ಕುಯ್ದು ಮಾಡವ್ನೆ. ನೋಡು, ಹೆಂಗ್ ಮೆತ್ತಗೈತೆ. ಇದಕ್ಕೆ ಮರಳು ಅಂಟ್ಕಂಡ್ರೆ ನನ್ನ ಗಾಡಿ ಬಣ್ಣ ಉಳೀತದಾ?"

"ಲೇ, ಅಂಗಡಿಯೋನು ಹಂಗೇ ಕೊಟ್ಟವ್ನೆ ಅಂದ್ರೆ ಅದಕ್ಕೇನೋ ಲೆಕ್ಕ ಇರ್ತದೆ ಕಣ್ಲಾ," ಎಂದ ಮುನಿಶಾಮಯ್ಯ.

"ಅವನ ಲೆಕ್ಕ ಏನೂಂತ ನಂಗೊತ್ತು. ನೀನು ಸುಮ್ಕಿರು."

ಲೇತಿಗೆ ಹಾಲೆ ಮರ ಸಿಕ್ಕಿತು. ಒಂದು ಗಂಟೆಯೊಳಗೆ ನಾಲ್ಕು ಪಾದ ಸಿದ್ಧ. ಡಿಕ್ಕಿಯ ಓರೆಗೆ ಸರಿಯಾಗಿ ಕೂರುವಂತೆ ಕಡೆದು, ಕೆಂಪು ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿದ. ಉಜ್ಜದೆ ಬಿಟ್ಟಿದ್ದರೂ ಆಗುತ್ತಿತ್ತೇನೋ. ಆದರೆ ಹೊಳಪಿಲ್ಲದ ಒಂದು ತುಂಡೂ ಮೂವತ್ತು ವರ್ಷದಲ್ಲಿ ಅವನ ಕೈ ದಾಟಿ ಹೋಗಿರಲಿಲ್ಲ. ನಾಲ್ಕೂ ಕೆಂಪಗೆ ಮಿರಮಿರ ಮಿನುಗಿದವು. ಮಗುವಿನ ಬಾಯಿಗೆ ಕೊಟ್ಟರೂ ಒಂದು ಗೀರು ಬೀಳದಷ್ಟು ನುಣುಪು.

"ಏನ್ಲಾ ಮತೀನಾ, ಕಾರಿಗೆ ಬುಗುರಿ ಕಟ್ದೆ!" ಎಂದು ಮುನಿಶಾಮಯ್ಯ ಕೆಮ್ಮಿ ಕೆಮ್ಮಿ ನಕ್ಕ.

ಮಿಸ್ಬಾ ಬಂದು ಪಾದದ ಮೇಲೆ ಬೆರಳಾಡಿಸಿದಳು. "ಅಬ್ಬಾ, ಇದು ಜಾರಲ್ವಾ?"

ಅಯ್ಯೋ, ಆ ಮಾತು ಆಡಬಾರದಿತ್ತು. ಊರನ್ನೆಲ್ಲ ಅನುಮಾನಿಸುವವನಿಗೆ ತನ್ನನ್ನು ಯಾರಾದರೂ ಅನುಮಾನಿಸಿದರೆ ಮೈಯೆಲ್ಲ ಉರಿ. "ನಿಂಗೆ ಅನ್ನ ಹಾಕಿದ ಕೈ ಇದು! ಇದರ ಕೆಲಸದ ಮೇಲೇ ಅನುಮಾನನಾ? ಮೊನ್ನೆ ನೋಡಿದ ಅಂಗಡಿಯೋನ ಮಾತು ನಿಜ, ಅಪ್ಪನ ಮೂವತ್ತು ವರ್ಷ ಸುಳ್ಳು!" ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದ. ಮಿಸ್ಬಾ ಒಳಗೆ ಹೋದಳು. ಅವನು ಪಟ್ಟಿ ಬಿಗಿದು, ಸೈಕಲ್ ಏರಿಸಿ, ಇಪ್ಪತ್ತು ಸಲ ಜಗ್ಗಿದ. ಅಲ್ಲಾಡಲಿಲ್ಲ. ನಿಂತ ಕಾರಿನ ಮೇಲೆ ಅಲ್ಲಾಡುವುದಾದರೂ ಯಾಕೆ!

ಭಾನುವಾರ ಐದೂಕಾಲಿಗೆ ಹೊರಟರು. ಹಾಜಿರಾ ಮಗಳಿಗೆ ಖರ್ಜೂರ, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟು, "ನೀವು ಒಸಿ ಬಾಯಿ ಮುಚ್ಕೊಂಡು ಹೋಗ್ಬನ್ನಿ" ಎಂದು ಗಂಡನಿಗೆ ಹೇಳಿದಳು. ಮಿಸ್ಬಾ ಹಿಂದಿನ ಸೀಟಿನಲ್ಲಿ ಕೂತಳು. ಮುಂದೆ ಕೂತರೆ ದಾರಿಯವರೆಲ್ಲ ನೋಡುತ್ತಾರೆಂದು ಮತೀನನೇ ಮಾಡಿದ ಕಾನೂನು. ಹಿಂದಿನ ಗಾಜಿನ ತುಂಬ ಸೈಕಲ್ಲೇ ಇದ್ದುದರಿಂದ ಒಳಗಿನ ಕನ್ನಡಿಯಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಸುಮ್ಮನೆ ಯಾಕೆ ಹಾಳು ಎಂದು ಅವನು ಆ ಕನ್ನಡಿಯನ್ನು ತಿರುಗಿಸಿ ಮಗಳ ಮುಖ ಕಾಣುವ ಹಾಗೆ ಇಟ್ಟುಕೊಂಡ. ರಸ್ತೆಗೆ ಪಕ್ಕದ ಕನ್ನಡಿ ಸಾಕು.

ರಾಮನಗರ ದಾಟಿ ಮಾಗಡಿ ರಸ್ತೆಗೆ ತಿರುಗಿದರೆ, ಹೇಳಿದ ಮಾತಿನಂತೆ ಶಾರುಖ್ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಾನೆ! ಕಾರು ಕಂಡದ್ದೇ ಎದ್ದು ಕೈ ಎತ್ತಿದ. ಮತೀನ್ ಕನ್ನಡಿಯಲ್ಲಿ ಮಗಳನ್ನು ನೋಡಿದ. ಅವಳು ಕಿಟಕಿಯ ಕಡೆ ತಿರುಗಿದ್ದಳು. ಅವನು ನಿಲ್ಲಿಸಲಿಲ್ಲ. ಮುಂದೆ ಎಲ್ಲಾದರೂ ನಿಲ್ಲಿಸಿ ಪಟ್ಟಿ ತಾನೇ ಎಳೆದರಾಯಿತು, ಇವನ ಉಪಕಾರ ಯಾರಿಗೆ ಬೇಕು ಎಂದುಕೊಂಡ. ಕಾರು ದಾಟಿ ಹೋದ ಮೇಲೆ ಶಾರುಖ್ ಎರಡು ಹೆಜ್ಜೆ ರಸ್ತೆಗೆ ಇಳಿದು ಡಿಕ್ಕಿಯನ್ನೇ ದಿಟ್ಟಿಸಿ ನೋಡಿದ್ದು, ಆಮೇಲೆ ಅಂಗಡಿಯೊಳಗೆ ಓಡಿದ್ದು ಪಕ್ಕದ ಕನ್ನಡಿಯಲ್ಲಿ ಕಂಡಿತು.

ಅಂಗಡಿ ದಾಟಿ ಹತ್ತು ಕಿಲೋಮೀಟರ್ ಆಗಿತ್ತೋ ಏನೋ, ನಿಲ್ಲಿಸಲು ಜಾಗ ನೋಡುತ್ತಿದ್ದ. ಅಷ್ಟರಲ್ಲಿ ಹಿಂದೆ ಒಂದು ಸ್ಕೂಟರ್. ಹಾರನ್ ಹೊಡೆಯುತ್ತಿದೆ, ಲೈಟು ಮಿಣುಕಿಸುತ್ತಿದೆ. ಓಡಿಸುವವನು ಒಂದು ಕೈ ಬಿಟ್ಟು ಬೀಸುತ್ತಿದ್ದಾನೆ. ಅವನೇ. ಬಡ್ಡಿಮಗ ಬೆನ್ನು ಹತ್ತಿ ಬಂದಿದ್ದಾನೆ! ತಾನು ಅನುಮಾನಿಸಿದ್ದು ನಿಜವಾಯಿತೆಂದು ಮತೀನನ ಎದೆಯಲ್ಲಿ ಸಿಟ್ಟಿನ ಜೊತೆಗೆ ಒಂದು ಬಗೆಯ ಸಮಾಧಾನವೂ ಹುಟ್ಟಿತು. ಹೇಳಬಾರದು, ಆದರೂ ಹುಟ್ಟಿತು.

ಮಿಸ್ಬಾ ತಿರುಗಿ ನೋಡಿದಳು. "ಅಬ್ಬಾ, ಶಾರುಖ್ ಭಾಯ್ ಕಣಬ್ಬಾ. ಏನೋ ಹೇಳ್ತವ್ರೆ. ನಿಲ್ಸಿ ಒಂದ್ನಿಮಿಷ."

"ಅವನ ಹೆಸ್ರು ನಿಂಗ್ಯಾರು ಹೇಳಿದ್ರು?"

"ಅಂಗಡಿ ಬೋರ್ಡ್ ಮೇಲೇ ಬರ್ದಿತ್ತಲ್ಲ ಅಬ್ಬಾ."

"ಬೋರ್ಡು! ಊರಲ್ಲಿ ಸಾವಿರ ಬೋರ್ಡವೆ, ಅದೊಂದೇ ನೆನಪುಳೀತಾ?" ಅವನು ಕನ್ನಡಿಯನ್ನು ಇನ್ನಷ್ಟು ಅವಳ ಕಡೆ ತಿರುಗಿಸಿದ. "ಕೇಳಿಸ್ಕೋ. ಇನ್ನೊಂದ್ಸಲ ಹಿಂದೆ ತಿರುಗಿ ನೋಡ್ದೆ ಅಂದ್ರೆ ಗಾಡಿ ಇಲ್ಲಿಂದಲೇ ಮನೆಗೆ. ರೇಸೂ ಇಲ್ಲ, ಸೈಕಲ್ಲೂ ಇಲ್ಲ. ನಾನು ಕನ್ನಡೀಲಿ ನೋಡ್ತಾನೇ ಇರ್ತೀನಿ."

ಮಿಸ್ಬಾ ಮುಂದಕ್ಕೆ ತಿರುಗಿ ಕೂತಳು. ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು.

ಸ್ಕೂಟರಿನವನನ್ನು ಕಳೆದುಕೊಳ್ಳಬೇಕಲ್ಲ! ಮತೀನ್ ವೇಗ ಹೆಚ್ಚಿಸಿದ. ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂದು ಸ್ಕೂಟರು ಹಿಂದುಳಿಯಿತು. ಅದೇ ಸಂದು ನೋಡಿ ಮತೀನ್ ಎಡಕ್ಕಿದ್ದ ಹಳ್ಳಿಯ ದಾರಿಗೆ ನುಗ್ಗಿಸಿದ. ಡಾಂಬರು ಕಿತ್ತು ಜಲ್ಲಿ ಎದ್ದಿತ್ತು. ಹಳ್ಳ ಬಂತು, ಕಾರು ಎಗರಿತು. ಮೋರಿಯ ಪೈಪ್ ಹಾಕಲು ಅಗೆದು ಮುಚ್ಚಿದ ಕಡೆ ಮತ್ತೊಮ್ಮೆ ಎಗರಿತು. ಹಳೆಯ ಕಾರಿನ ಮೈಯೆಲ್ಲ ಗಡಗಡ ಅಂದಿತು. ಅಲ್ಲೇ ಎಲ್ಲೋ ಕನ್ನಡಿಯಲ್ಲಿ ಮಿಸ್ಬಾ ಒಮ್ಮೆ ಬೆಚ್ಚಿದಳು. ಕಣ್ಣು ಅಗಲವಾಯಿತು, ಬಾಯಿ ತೆರೆಯಿತು. ಅಪ್ಪನ ಕಣ್ಣಿಗೆ ಕಣ್ಣು ಸಿಕ್ಕಿದ್ದೇ ಬಾಯಿ ಮುಚ್ಚಿ ತಲೆ ತಗ್ಗಿಸಿದಳು.

ಕಳ್ಳತನ ಸಿಕ್ಕಿಬಿದ್ದ ಮುಖ ಇದೇ ಎಂದು ಮತೀನ್ ತಿಳಿದ.

ಪಕ್ಕದ ಕನ್ನಡಿಯಲ್ಲಿ ಈಗ ಧೂಳು ಬಿಟ್ಟರೆ ಏನೂ ಇರಲಿಲ್ಲ. ದಾರಿ ಕೇಳಿ ಕೇಳಿ, ಎಮ್ಮೆ ಹೊಡೆದುಕೊಂಡು ಹೋಗುವವರನ್ನು ದಾಟಿ, ಮತ್ತೆ ದೊಡ್ಡ ರಸ್ತೆ ಸೇರಿ, ಮಾಗಡಿಯ ಆಚೆ ಹುಡುಗಿಯರು ಸೇರಿದ್ದ ಜಾಗ ಮುಟ್ಟಿದಾಗ ಏಳಕ್ಕೆ ಎರಡು ನಿಮಿಷ. ಮತೀನ್ ಗೆದ್ದವನ ಹಾಗೆ ಇಳಿದು ಹಿಂದಕ್ಕೆ ಬಂದ.

ಡಿಕ್ಕಿಯ ಮೇಲೆ ರ‍್ಯಾಕೂ ಇಲ್ಲ, ಸೈಕಲ್ಲೂ ಇಲ್ಲ. ಒಂದು ಪಟ್ಟಿ ಮಾತ್ರ ನೆಲಕ್ಕೆ ಎಳೆದಾಡಿಕೊಂಡು ನೇತಾಡುತ್ತಿದೆ. ನಾಲ್ಕು ಪಾದ ಇದ್ದ ಕಡೆಯಿಂದ ಅಂಚಿನವರೆಗೂ ನಾಲ್ಕು ಕೆಂಪು ಗೀರು.

"ಕಳ್ಳ! ಕದ್ಬುಟ್ಟ ಬೇವರ್ಸಿ!"

ಬಂದೋಬಸ್ತಿಗೆ ನಿಂತಿದ್ದ ಪೊಲೀಸ್ ಪೇದೆ ಬೋರಲಿಂಗಯ್ಯ ಓಡಿ ಬಂದ. ಕಾರಿನ ಹಿಂಭಾಗ ನೋಡಿದ, ಮತೀನನ ಮುಖ ನೋಡಿದ. "ಸೈಕಲ್ ಹೋಯ್ತಾ? ಎಲ್ಲಿ ನಿಲ್ಸಿದ್ರಿ?"

"ಎಲ್ಲೂ ನಿಲ್ಸಿಲ್ಲ ಸ್ವಾಮಿ."

"ಓಡೋ ಕಾರಿಂದ ಹೆಂಗ್ರೀ ಬಿಚ್ಕತಾರೆ? ಆಯ್ತು, ಯಾರ್ ಮೇಲಾದ್ರೂ ಅನುಮಾನ ಐತಾ?"

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದೇ ಮತೀನ್ ಹುಟ್ಟಿದ್ದ. ಹೆಸರು ಹೇಳಿದ, ಅಂಗಡಿ ಹೇಳಿದ. ಗುರುವಾರದ ನಗುವಿನಿಂದ ಹಿಡಿದು ಬೆಳಗಿನ ಸ್ಟೂಲಿನವರೆಗೆ ಒಂದೂ ಬಿಡದೆ ಹೇಳಿದ. ಸುತ್ತ ನಿಂತ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಕೇಳಿಸಿಕೊಂಡರು. ಮಿಸ್ಬಾ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದಳು. ನಡುನಡುವೆ ಅಂಬುಜಮ್ಮನ ದನಿ ಕೇಳುತ್ತಿತ್ತು. ಒಂದು, ಎರಡು, ಮೂರು, ಎಂದು ಒಬ್ಬೊಬ್ಬಳನ್ನೇ ಬಿಡುತ್ತಿದ್ದರು. ಹನ್ನೆರಡು ಎಂದರು. ಮಿಸ್ಬಾ ಎಂದರು. ಮತ್ತೊಮ್ಮೆ ಮಿಸ್ಬಾ ಎಂದರು. ಯಾರದೋ ಸೈಕಲ್ ಕೇಳಿ ನೋಡೋಣವೆಂದರೆ ಪ್ರತಿಯೊಬ್ಬಳೂ ತನ್ನದರ ಮೇಲೆ ಕೂತಿದ್ದಳು. ಹದಿಮೂರು ಎಂದರು.

ಕೊನೆಯವಳಾದ ಇಪ್ಪತ್ತನೆಯವಳೂ ಹೋಗಿ ಆರೇಳು ನಿಮಿಷ ಆಗಿತ್ತು. ರಸ್ತೆಯ ತುದಿಯಲ್ಲಿ ಒಬ್ಬ ಗಂಡಸು ಹುಡುಗಿಯ ಸೈಕಲ್ ತುಳಿದುಕೊಂಡು ಬರುವುದು ಕಾಣಿಸಿತು. ಮೊಣಕಾಲು ಎದೆಗೆ ಬಡಿಯುತ್ತಿದೆ, ಕಾಲಲ್ಲಿ ಒಂದೇ ಚಪ್ಪಲಿ, ಅಂಗಿ ಬೆವರಿಗೆ ಮೈಗೆ ಅಂಟಿದೆ. ಶಾರುಖ್. ಬಂದವನೇ ಸೈಕಲ್ಲನ್ನು ಮಿಸ್ಬಾಳ ಕೈಗೂ ಕೊಡಲಿಲ್ಲ, ನೇರ ಅಂಬುಜಮ್ಮನ ಮೇಜಿನ ಹತ್ತಿರ ಹೋಗಿ, "ಮೇಡಂ, ಆ ಹುಡುಗಿದು... ಬಂತು... ಬಿಡಿ ಮೇಡಂ" ಎಂದ. ಉಸಿರು ಸಿಗುತ್ತಿರಲಿಲ್ಲ.

ಅಂಬುಜಮ್ಮ ಗಡಿಯಾರ ನೋಡಿದರು, ಮಿಸ್ಬಾಳನ್ನು ನೋಡಿದರು. ಕೆಟ್ಟ ಹೆಂಗಸೇನಲ್ಲ. "ಕೊನೇವ್ಳು ಹೋಗೋ ಮುಂಚೆ ಬಂದಿದ್ರೆ ಏನಾದ್ರೂ ಮಾಡ್ತಿದ್ದೆ ಕಣಮ್ಮ. ಈಗ ಬಿಟ್ರೆ ಉಳಿದವರ ಅಪ್ಪಂದಿರು ನನ್ನ ಸುಮ್ನೆ ಬಿಡಲ್ಲ" ಎಂದರು.

ಅಲ್ಲಿಗೆ ಮುಗಿಯಿತು.

ಬೋರಲಿಂಗಯ್ಯ ಶಾರುಖನ ತೋಳು ಹಿಡಿದ. ಹಿಡಿದವನೇ ಅವನ ಕಥೆ ಕೇಳಿ ಬಿಟ್ಟ. ಕೆಂಪು ಪಾದ ಕಂಡ ಕೂಡಲೇ ಜಾರುತ್ತದೆಂದು ಗೊತ್ತಾಗಿ, ಅಂಗಡಿಯಿಂದ ನಾಲ್ಕು ರಬ್ಬರು ತಗೊಂಡು ಹೊರಟದ್ದು. ಎಷ್ಟು ಕೈ ಬೀಸಿದರೂ ಕಾರು ನಿಲ್ಲದ್ದು. ಬಿಲ್ಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೋ ಮುದುಕಿ ಎತ್ತಿ ಉಗಿದದ್ದು. ಕಾರು ಕಾಣದೆ ದೊಡ್ಡ ರಸ್ತೆಯಲ್ಲಿ ಮುಂದೆ ಹೋಗಿ, ವಾಪಸು ಬಂದು, ಹಳ್ಳಿ ದಾರಿಯಲ್ಲಿ ಹುಡುಕಿದಾಗ ಮೋರಿಯ ಹತ್ತಿರ ಸೈಕಲ್ಲು ಬಿದ್ದಿದ್ದದ್ದು. ಹ್ಯಾಂಡಲ್ ನೇರ ಮಾಡಿ, ಚೈನು ಹಾಕಿ, ಸ್ಕೂಟರಿನ ಮೇಲೆ ಹೊರಲಾಗದೆ ಸ್ಕೂಟರನ್ನು ಅಲ್ಲೇ ಬಿಟ್ಟು ತುಳಿದುಕೊಂಡು ಬಂದದ್ದು.

"ನಿಂಗ್ಯಾಕಪ್ಪಾ ಇಷ್ಟು ಉಸಾಬರಿ?" ಎಂದು ಕೇಳಿದವನು ಮತೀನನಲ್ಲ, ಬೋರಲಿಂಗಯ್ಯ.

"ನಾನ್ ಮಾರಿದ ಮಾಲು ಸಾರ್. ರಸ್ತೇಲಿ ಕಿತ್ಕೊಂಡು ಹಿಂದೆ ಬರೋರ ಮೇಲೆ ಬಿದ್ರೆ? ಎಷ್ಟು ಹೇಳಿದ್ರೂ ಜನ ಮೊದಲ್ನೇ ಸಲ ತಪ್ಪಾಗಿ ಕಟ್ತಾರೆ. ಅದಕ್ಕೆ ಎಲ್ಲಾರಿಗೂ ಅಂಗಡಿ ಮುಂದೆ ನಿಲ್ಸಿ ಅಂತೀನಿ."

ಎಲ್ಲರಿಗೂ. ಆ ಮಾತು ಕೇಳಿ ಮತೀನನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಶಾರುಖನ ಮುಖ ನೋಡಲಾಗದೆ ಮಗಳ ಹತ್ತಿರ ಬಂದ. ತನ್ನ ನಾಚಿಕೆಯ ಒಂದಿಷ್ಟು ಪಾಲನ್ನು ಎಲ್ಲಾದರೂ ಇಳಿಸಬೇಕಿತ್ತು. ಅದಕ್ಕೆ ಕೇಳಿದ:

"ನೀನಾದ್ರೂ ಹೇಳಬಾರ್ದಿತ್ತಾ ಬೇಟಿ? ಹಿಂದೇನೇ ಕೂತಿದ್ದೆ. ಬಿದ್ದ ಸದ್ದು ನಿಂಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು."

ಮತೀನ್ ಅವಳ ಕಡೆ ಪೂರ್ತಿ ತಿರುಗಿದ.

"ಮೋರಿ ಹತ್ರ ದಡಾರ್ ಅಂತು. ಬಾಯಿ ತೆಗೆದೆ. ನೀವು ಕನ್ನಡೀಲಿ ನೋಡ್ತಿದ್ರಿ. ತಿರುಗಿ ನೋಡಿದ್ರೆ ಮನೆಗೆ ವಾಪಸ್ ಅಂದಿದ್ರಿ. ನಿಲ್ಸಿ ಅಂದ್ರೆ ಅವರಿಗೋಸ್ಕರ ನಿಲ್ಸು ಅಂತೀನಿ ಅನ್ಕೋತಿದ್ರಿ." ಅವಳು ಅಳುತ್ತಿರಲಿಲ್ಲ. "ಬಿದ್ದಿರಲ್ಲ, ಬಿದ್ದಿರಲ್ಲ ಅಂತ ಮನಸಲ್ಲೇ ಅನ್ಕೊಂಡು ಕೂತಿದ್ದೆ ಅಬ್ಬಾ. ಇಲ್ಲೀಗಂಟ."

ಅಷ್ಟು ದೂರ. ಹೊತ್ತು ಹತ್ತಿರ ಬರುತ್ತಿದ್ದರೂ, ಎರಡು ವರ್ಷ ಕಾದ ಆಯ್ಕೆ ಬೆನ್ನ ಹಿಂದೆ ರಸ್ತೆಗೆ ಬಿದ್ದಿದೆಯೆಂಬ ಅಂಜಿಕೆ ಇದ್ದರೂ, ಅವಳು ಅಪ್ಪನ ಕಣ್ಣಿಗೆ ಹೆದರಿ ಉಸಿರು ಬಿಗಿಹಿಡಿದು ಕೂತಿದ್ದಳು. ಮತೀನ್ ತಪ್ಪಾಯಿತು ಅನ್ನಬೇಕೆಂದುಕೊಂಡ. ಐವತ್ತು ವರ್ಷ ಯಾರಿಗೂ ಹೇಳಿ ಅಭ್ಯಾಸವಿಲ್ಲದ ಮಾತು, ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಶಾರುಖ್ ಬಂದು, "ಚಾಚಾ, ನಾನು ಇದನ್ನ ತುಳ್ಕೊಂಡು ಮೋರಿ ಹತ್ರ ಹೋಗಿರ್ತೀನಿ. ರ‍್ಯಾಕ್ ಅಲ್ಲೇ ಇಟ್ಟಿದೀನಿ, ರಬ್ಬರೂ ಗಾಡೀಲೈತೆ. ನೀವು ಬನ್ನಿ, ಕಟ್ಟಿಕೊಡ್ತೀನಿ" ಎಂದ.

"ನೀನು ನನ್ನ ಜೊತೆ ಕಾರಲ್ಲಿ ಬಾಪ್ಪಾ," ಎಂದ ಮತೀನ್. ಮಗಳ ಕಡೆ ತಿರುಗಿದ. "ನೀನೇ ತುಳ್ಕೊಂಡು ಹೋಗು ಬೇಟಿ. ಮನೇವರ್ಗೂ ಹೋಗು, ನಿಂಗಿಷ್ಟ ಬಂದ ದಾರೀಲಿ. ಎಲ್ಲಾದ್ರೂ ನಿಂತ್ಕೋ, ಸುಧಾರಿಸ್ಕೋ. ನಾನು ಹಿಂದೆ ಬರಲ್ಲ."

ಇಂಥ ಮಾತು ಆ ಮನೆಯಲ್ಲಿ ಇದೇ ಮೊದಲು. ಅವನು ಮನಸಾರೆ ಹೇಳಿದ್ದ, ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಮಿಸ್ಬಾ ಹ್ಯಾಂಡಲ್ ಹಿಡಿಯಲಿಲ್ಲ. ಅಪ್ಪನ ಮುಖವನ್ನು ನೋಡಿದಳು. ಈ ಮಾತಿನ ಹಿಂದೆ ಏನಿದೆ, ಇದು ಯಾವ ಪರೀಕ್ಷೆ, ಹೊರಟರೆ ಆಮೇಲೆ ಏನು ಕಾದಿದೆ ಎಂದು ಅವನ ಕಣ್ಣನ್ನು, ಹುಬ್ಬನ್ನು, ತುಟಿಯನ್ನು ಒಂದೊಂದಾಗಿ ನೋಡಿದಳು. ಅವನು ಜೀವಮಾನವೆಲ್ಲ ಬೇರೆಯವರನ್ನು ನೋಡಿದ ನೋಟ ಅದು. ಯಾರಾದರೂ ತನ್ನನ್ನು ಹಾಗೆ ನೋಡಿದರೆ ಹೇಗಿರುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಬೇಡ ಅಬ್ಬಾ. ಭಾಯ್‌ನೇ ತುಳ್ಕೊಂಡು ಬರ್ಲಿ," ಎಂದು ಹೇಳಿ, ಮಿಸ್ಬಾ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.